ಮೂರು ನಿಮಿಷದ ಪ್ಲೇಟು, ರಾತ್ರಿಯಿಡೀ ಪದ

ರಾರಾವಿಯಲ್ಲಿ ಮದುವೆ ಇದೆ ಎಂಬುದು ಬೇವಿನ ಮರಕ್ಕೆ ಕಟ್ಟಿದ ಹಾರ್ನಿನಿಂದಲೇ ಸುತ್ತಲ ಹೊಲಗಳಿಗೆಲ್ಲ ಗೊತ್ತಾಗುತ್ತಿತ್ತು. ಮೈಕ್‌ಸೆಟ್ಟಿನವನು ಪೆಟ್ಟಿಗೆ ತೆರೆದು ಒಂದು ಕನ್ನಡದ ಪ್ಲೇಟು ಹಾಕಿದರೆ ಮುಂದಿನದು ತೆಲುಗಿನದು. ಆದೋನಿ ದಾರಿಯ ಊರಲ್ಲವೇ, ಯಾರೂ ತಕರಾರು ಮಾಡುತ್ತಿರಲಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾದವು. ಕೋರ್ಟು ಕಚೇರಿಗಳಿಗೆ ಮದ್ರಾಸಿನ ಕಡೆ ನೋಡುವುದು ಅಲ್ಲಿಗೆ ಮುಗಿಯಿತು. ಹಾಡುಗಳು ಮಾತ್ರ ಮುಂದೆ ಎಷ್ಟೋ ವರ್ಷ ಮದ್ರಾಸಿನಿಂದಲೇ ಬಂದವು.

ಆ ಹಾಡುಗಳನ್ನು ಇವತ್ತು ಗಮನ ಕೊಟ್ಟು ಕೇಳುವಾಗ, ಹಳೆಯದೆಲ್ಲ ಚಿನ್ನ ಎನ್ನುವ ಮಾತಿಗೆ ತಲೆಯಾಡಿಸಲು ನನಗೆ ಮನಸ್ಸಾಗುವುದಿಲ್ಲ. ಆ ಕಾಲದ ಧ್ವನಿಮುದ್ರಣದ ಯಂತ್ರ ಒಂದು ಬಗೆಯ ಹಾಡನ್ನು ಸಾಕಿ ಬೆಳೆಸಿತು, ಇನ್ನೊಂದು ಬಗೆಯ ಹಾಡಿನ ಕೈಕಾಲು ಕತ್ತರಿಸಿತು. ಬೆಳೆದದ್ದು ಸಿನಿಮಾ ಹಾಡು. ಕತ್ತರಿಸಿಕೊಂಡದ್ದು ನಮ್ಮ ಬಳ್ಳಾರಿ ಸೀಮೆಯ ರಂಗದ ಪದ, ಕಥೆಯ ಪದ.

ಮೊದಲು ಯಂತ್ರದ ಮಾತು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡಾಗ ಮೈಕು ಎಂಬುದೇ ಇರಲಿಲ್ಲ. ದೊಡ್ಡ ತುತ್ತೂರಿಯೊಳಕ್ಕೆ ಮುಖವಿಟ್ಟು ಹಾಡಬೇಕು. ತುತ್ತೂರಿಯ ಹಿಂದಿನ ತೆಳುವಾದ ತಗಡು ಕಂಪಿಸಿ, ಅದಕ್ಕೆ ಕೂಡಿಸಿದ ಸೂಜಿ ಮೇಣದ ತಟ್ಟೆಯ ಮೇಲೆ ಗೀರು ಎಳೆಯುತ್ತಿತ್ತು. ಕಂಠ ಗಟ್ಟಿ ಇದ್ದವರು ಉಳಿದರು. ತಂಬೂರಿಯ ಶ್ರುತಿ, ಮೃದಂಗದ ಎಡಗಡೆಯ ಗುಮುಕಿ, ಉಸಿರು ಸಣ್ಣಗಾಗುವ ಕಡೆಯ ಸ್ವರಗಳು ಆ ಗೀರಿಗೆ ಇಳಿಯಲೇ ಇಲ್ಲ. ಮುದ್ರಿಸಿದ ಮೇಣ ಜರ್ಮನಿಯ ಕಾರ್ಖಾನೆಗೆ ಹೋಗುತ್ತಿತ್ತು. ಪ್ಲೇಟು ಒತ್ತುವವರಿಗೆ ಯಾರ ಹಾಡೆಂದು ತಿಳಿಯಲಿ ಎಂದು ಗೌಹರ್ ಜಾನ್ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಅದೇ ಗೌಹರ್ ಜಾನ್ ಮೈಸೂರು ಅರಮನೆಯ ಆಶ್ರಯದಲ್ಲಿ 1930ರ ಜನವರಿ 17ರಂದು ತೀರಿಕೊಂಡರು. ಅಷ್ಟರಲ್ಲಿ ಮೈಕು ಬಂದು ತುತ್ತೂರಿ ಮೂಲೆ ಸೇರಿತ್ತು.

ಮೈಕು ಬಂದರೂ ಒಂದು ಕಟ್ಟು ಸಡಿಲಾಗಲಿಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ 10 ಅಂಗುಲದ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಸುವುದು ಮೂರು ನಿಮಿಷ, ಹೆಚ್ಚೆಂದರೆ ಇನ್ನೊಂದಿಷ್ಟು ಸೆಕೆಂಡು. ಅರಗಿಗೆ ಕಲ್ಲಿನ ಪುಡಿ ಬೆರೆಸಿ ಒತ್ತಿದ ಆ ತಟ್ಟೆಯನ್ನು ಉಕ್ಕಿನ ಮುಳ್ಳು ಉಜ್ಜುತ್ತ ಹೋಗುತ್ತದೆ. ಮಗ್ಗುಲು ಮುಗಿಯುವಷ್ಟರಲ್ಲಿ ಮುಳ್ಳೂ ಸವೆದಿರುತ್ತದೆ, ಹೊಸದು ಹಾಕಬೇಕು. ಕಡಿಮೆ ಸವೆತ, ಹೆಚ್ಚು ಸದ್ದು, ಮೂರು ನಿಮಿಷ: ಹಾಡು ಕಟ್ಟುವವನ ಎದುರು ಇದ್ದ ಗೆರೆ ಇದು.

ಈ ಗೆರೆಯ ಪಕ್ಕ ಬಳ್ಳಾರಿಯ ರಂಗವನ್ನು ಇಟ್ಟು ನೋಡಿ. ಕಂಪನಿ ನಾಟಕದಲ್ಲಿ ಕಾಲುಪೇಟಿಯ ಮಾಸ್ತರು ಸ್ವರ ಕೊಟ್ಟ ಮೇಲೆ ನಟಿ ಆಲಾಪ ಹಿಡಿಯುವುದಕ್ಕೇ ಒಂದೆರಡು ನಿಮಿಷ ಬೇಕು. ಹಾಡಿನ ನಡುವೆ ಮಾತು ಬರುತ್ತದೆ, ಎದುರು ಪಾತ್ರದ ಕಡೆ ಒಂದು ನೋಟ ಹೋಗುತ್ತದೆ, ಸಭೆಯ ಹಿಂದಿನಿಂದ ‘ಒನ್ಸ್ ಮೋರ್’ ಕೂಗು ಏಳುತ್ತದೆ. ಎರಡನೇ ಸಲ ಹಾಡುವಾಗ ಆಕೆ ಅದೇ ದಾರಿಯಲ್ಲಿ ಹೋಗುವುದಿಲ್ಲ. ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ಯ ದ್ರೌಪದಿಯಾಗಿ ಸುಭದ್ರಮ್ಮ ಮನ್ಸೂರು ಅವರನ್ನು ನೆನೆಯುವವರು ಈ ಭಾಗದಲ್ಲಿ ಇನ್ನೂ ಇದ್ದಾರೆ. ಅವರ ಪದದ ಬಲ ಇದ್ದದ್ದು ಸಾಲಿಗಿಂತ ಸಾಲು ಏರುವ ಬಿಸಿಯಲ್ಲಿ. ಅಂಥ ಪದವನ್ನು ಮೂರು ನಿಮಿಷಕ್ಕೆ ಇಳಿಸಿದರೆ ಧಾಟಿ ಸಿಗುತ್ತದೆ, ದ್ರೌಪದಿ ಸಿಗುವುದಿಲ್ಲ. ಹಳೆಯ ನಾಟಕದ ಪ್ಲೇಟುಗಳನ್ನು ಕೇಳಿದಾಗಲೆಲ್ಲ ನನಗೆ ಬರುವ ತೀರ್ಮಾನ ಇದೇ: ಹಾಡುವವರು ಗಡಿಯಾರ ನೋಡುತ್ತಿದ್ದಾರೆ. ಪಲ್ಲವಿ ಬಿಗಿಯಾಗಿದೆ, ಚರಣ ಓಡುತ್ತಿದೆ, ಕೊನೆಯ ಸಾಲು ಉಸಿರು ಕಟ್ಟಿ ಮುಗಿದಿದೆ.

ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನವರ ವಿಷಯದಲ್ಲಂತೂ ಪ್ಲೇಟಿನ ಲೆಕ್ಕವೇ ನಡೆಯುವುದಿಲ್ಲ. ಬುರ್ರಕಥೆಯ ಆ ತಾಯಿ ಓದು ಬರಹ ಬಲ್ಲವರಲ್ಲ. 12 ಮಹಾಕಾವ್ಯಗಳು ಬಾಯಲ್ಲಿದ್ದವು. ಕುಮಾರರಾಮನ ಕಥೆ ಒಂದನ್ನೇ ಅವರು ರಾತ್ರಿಗಟ್ಟಲೆ ಹಾಡಬಲ್ಲವರಾಗಿದ್ದರು. 2014ರಲ್ಲಿ ಅವರು ಹೋದರು. ಆ ಕಾವ್ಯಗಳು ಪುಸ್ತಕಕ್ಕೆ ಬಂದದ್ದು ಪುಣ್ಯ, ಆದರೆ ಅಂಥ ಕಂಠವನ್ನು ಹಿಡಿಯಲು ಬೇಕಿದ್ದದ್ದು ಉದ್ದನೆಯ ಟೇಪು ಮತ್ತು ಕಾಯುವ ತಾಳ್ಮೆ. ಪ್ಲೇಟಿನ ಕಾಲಕ್ಕೆ ಈ ಎರಡೂ ಇರಲಿಲ್ಲ.

ಈಗ ಇನ್ನೊಂದು ಮಗ್ಗುಲು ತಿರುವಿ ಹಾಕೋಣ. ಮದ್ರಾಸಿನ ಸ್ಟುಡಿಯೋಗಳಲ್ಲಿ 1950-60ರ ದಶಕದ ಕನ್ನಡ ಸಿನಿಮಾ ಹಾಡು ಹುಟ್ಟಿದ್ದು ಇಡೀ ತಂಡ ಒಂದೇ ಹಾಲಿನಲ್ಲಿ ಕೂತು. ಪಿಟೀಲು, ಕೊಳಲು, ತಬಲಾ, ಗಾಯಕರು ಎಲ್ಲರೂ ಒಟ್ಟಿಗೆ, ಬೆರಳೆಣಿಕೆಯ ಮೈಕುಗಳು, ಎಲ್ಲ ಧ್ವನಿಯೂ ಸೇರುವುದು ಒಂದೇ ಟ್ರ್ಯಾಕಿಗೆ. ಯಾವ ವಾದ್ಯ ಮುಂದೆ, ಯಾವುದು ಹಿಂದೆ ಎಂಬುದನ್ನು ಆಮೇಲೆ ತಿದ್ದುವಂತಿಲ್ಲ. ಆದ್ದರಿಂದ ಕುರ್ಚಿ ಎಲ್ಲಿ ಹಾಕಬೇಕು ಎಂಬಲ್ಲಿಂದಲೇ ಧ್ವನಿಮುದ್ರಣದ ಕಸುಬು ಶುರು. ಕೊನೆಯ ಚರಣದಲ್ಲಿ ಒಬ್ಬ ಪಿಟೀಲಿನವನು ತಪ್ಪಿದರೆ ಎಲ್ಲರೂ ಪಲ್ಲವಿಗೆ ಮರಳಬೇಕು. ಈ ಕಟ್ಟುಪಾಡು ಹಾಡಿಗೆ ಒಳ್ಳೆಯದನ್ನೇ ಮಾಡಿತು. ಜಿ.ಕೆ. ವೆಂಕಟೇಶರ ಸಂಯೋಜನೆಗಳಲ್ಲಿ ಗಾಯಕ ಹಾಡುವಾಗ ವಾದ್ಯ ಬಾಯಿ ಹಾಕುವುದಿಲ್ಲ. ಗಾಯಕ ಉಸಿರು ತೆಗೆದುಕೊಂಡ ಕಡೆ ಕೊಳಲು ಬಂದು ಹೋಗುತ್ತದೆ. ಜಾಗ ಇಲ್ಲದ ಕಡೆ ಜಾಗ ಮಾಡಿಕೊಡುವ ಸಂಗೀತ ಅದು.

ಪಿ.ಬಿ. ಶ್ರೀನಿವಾಸ್ ಅವರ ಕಂಠ ಮೈಕಿನಿಂದಲೇ ಸಾಧ್ಯವಾದದ್ದು. ನಾಟಕದ ಕೊಟ್ಟಿಗೆಯ ಕೊನೆಯ ಸಾಲಿಗೆ ಮುಟ್ಟಿಸಬೇಕಾದ ಕೂಗು ಅದಕ್ಕೆ ಬೇಕಿರಲಿಲ್ಲ. ಪಕ್ಕದಲ್ಲಿ ಕೂತವರಿಗೆ ಹೇಳಿದಂತೆ ಹಾಡಿದರು, ಮೈಕು ಅದನ್ನು ಊರಿಗೆಲ್ಲ ಹೇಳಿತು. 1966ರ ‘ಸಂಧ್ಯಾರಾಗ’ ಇನ್ನೂ ಕಠಿಣ ಪರೀಕ್ಷೆ. ಭೀಮಸೇನ ಜೋಶಿ, ಬಾಲಮುರಳಿಕೃಷ್ಣ ಅವರಂಥ ಕಛೇರಿಯ ಕಂಠಗಳನ್ನು ವೆಂಕಟೇಶ್ ಸಿನಿಮಾ ಹಾಡಿನ ಅಳತೆಗೆ ತಂದರು. ರಾಗದ ವಿಸ್ತಾರ ಅಲ್ಲಿಲ್ಲ, ಇರಲೂ ಬೇಕಿಲ್ಲ. ರಾಗದ ಮುಖ ಇದೆ. ಆ ಅಳತೆಗೆಂದೇ ಹೊಲಿದ ಅಂಗಿ ಅದು. ರಂಗದ ಪದದ ಹಾಗೆ ಬೇರೆಯವರ ಅಂಗಿಯೊಳಕ್ಕೆ ತೂರಿಸಿದ್ದಲ್ಲ.

ರಂಗದ ಕಂಠ ಕೊನೆಗೂ ಮೈಕಿನ ಮುಂದೆ ನ್ಯಾಯ ಪಡೆದದ್ದು 1974ರಲ್ಲಿ ಎಂದು ನನ್ನ ಅಭಿಪ್ರಾಯ. ಉತ್ತರ ಕರ್ನಾಟಕದ ಕಂಪನಿ ನಾಟಕಕಾರ ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಸಿನಿಮಾ ಆಯಿತು, ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರ್ ತಮ್ಮ ಹಾಡನ್ನು ತಾವೇ ಹಾಡಿದರು. ಎಮ್ಮೆಯ ಮೇಲೆ ಕೂತು ಹಾಡುವ ಆ ಹಾಡಿನಲ್ಲಿ ಬಯಲಿನ ಕೂಗು ಇದೆ, ಮೈಕಿನ ಮುಂದಿನ ಸಂಯಮವೂ ಇದೆ.

ಹೊರಗಿನ ಲೋಕದಲ್ಲೂ ಪಾಪ್ ಸಂಗೀತದ ಮೊದಲ ದಿನಗಳು ಹೀಗೇ ಇದ್ದವು. ಬೀಟಲ್ಸ್ ತಮ್ಮ ಮೊದಲ ಆಲ್ಬಮ್ಮಿನ ಹೆಚ್ಚಿನ ಹಾಡುಗಳನ್ನು 1963ರ ಫೆಬ್ರವರಿ 11ರ ಒಂದೇ ದಿನದಲ್ಲಿ, ಲಂಡನ್ನಿನ ಇಎಂಐ ಸ್ಟುಡಿಯೋದಲ್ಲಿ, ಎರಡು ಟ್ರ್ಯಾಕಿನ ಟೇಪಿಗೆ ಹಾಡಿ ಮುಗಿಸಿದರು. ಅವರ ಹಾಡುಗಳನ್ನು ಕಲ್ಕತ್ತೆಯ ದಮ್‌ದಮ್ ಕಾರ್ಖಾನೆ ಅರಗಿನ 78ರ ಪ್ಲೇಟಾಗಿಯೂ ಒತ್ತಿತು. ಕರೆಂಟು ಇಲ್ಲದ ಊರಿನಲ್ಲಿ ಚಾವಿ ಕೊಟ್ಟು ತಿರುಗಿಸುವ ಗ್ರಾಮಫೋನೇ ಗತಿಯಾಗಿದ್ದ ದೇಶಕ್ಕೆ ಅದು ಬೇಕಾಗಿತ್ತು.

ಈಚೆಗೆ ನಡೆಯುತ್ತಿರುವ ಒಂದು ಕೆಲಸ ನನಗೆ ನೋವು ಕೊಡುತ್ತದೆ. ಹಳೆಯ ಒಂದೇ ಟ್ರ್ಯಾಕಿನ ಹಾಡನ್ನು ‘ಶುದ್ಧ’ ಮಾಡುತ್ತೇವೆಂದು ಕರಕರ ಸದ್ದಿನ ಜೊತೆ ಪಿಟೀಲಿನ ಮೇಲಂಚನ್ನೂ ಗಾಯಕರ ಉಸಿರನ್ನೂ ಒರೆಸಿಹಾಕುತ್ತಾರೆ. ಮೇಲೆ ಗುಂಯ್‌ಗುಡುವ ಪ್ರತಿಧ್ವನಿ, ಎಡ ಬಲದ ಸುಳ್ಳು ಹಂಚಿಕೆ, ಕೆಲವೊಮ್ಮೆ ಹೊಸ ತಾಳ. ಅಂದು ಹಾಲಿನಲ್ಲಿ ಕುರ್ಚಿ ಸರಿಸಿ ಸರಿಸಿ ಕಂಡುಕೊಂಡ ಹದ ಅಲ್ಲಿಗೆ ಹಾಳು. ಮುಪ್ಪಿನವರ ಪಟಕ್ಕೆ ಬಣ್ಣ ಬಳಿದು ಸುಕ್ಕು ಅಳಿಸಿದಂತೆ ಅದು, ಮುಖವೇ ಬೇರೆಯಾಗುತ್ತದೆ.

ಸಿರುಗುಪ್ಪ, ಕುರುಗೋಡು, ಬಳ್ಳಾರಿಯ ಮನೆಗಳ ಅಟ್ಟದಲ್ಲಿ ಪ್ಲೇಟುಗಳು ಉಳಿದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನಿಲ್ಲಿಸಿ ಇಡಿ; ನಮ್ಮ ಬೇಸಿಗೆಗೆ ಅರಗು ಬಾಗುತ್ತದೆ. ಎಲ್‌ಪಿ ರೆಕಾರ್ಡಿನ ಸಣ್ಣ ಮುಳ್ಳಿನಿಂದ ನುಡಿಸಬೇಡಿ, 78ರ ಗೀರು ಅಗಲವಾದದ್ದು, ಅದಕ್ಕೆ ಸುಮಾರು ಮೂರು ಪಟ್ಟು ದಪ್ಪದ ಮುಳ್ಳು ಬೇಕು. ಕಂಪ್ಯೂಟರಿಗೆ ಇಳಿಸುವವರು ಮೊದಲು ಕರಕರ ಸದ್ದು ಸಮೇತ ಒಂದು ಪ್ರತಿ ತೆಗೆದಿಡಿ. ಹಳ್ಳಿಗಳಲ್ಲಿ ಕಂಪನಿ ನಾಟಕದ, ಬಯಲಾಟದ ಹಿರಿಯರು ಇನ್ನೂ ಇದ್ದಾರೆ. ಅವರ ಮುಂದೆ ಮೈಕು ಇಡುವವರಲ್ಲಿ ಒಂದೇ ಕೋರಿಕೆ: ಮೂರು ನಿಮಿಷಕ್ಕೆ ನಿಲ್ಲಿಸಬೇಡಿ, ಬೆಳಗಾಗುವವರೆಗೆ ಬಿಡಿ.