ಹೊಸ ಚಿಪ್ ಮೇಲೆ ಕನ್ನಡ: ಸಿಂಪ್ಯೂಟರ್‌ನಿಂದ ರಿಸ್ಕ್-ಫೈವ್‌ವರೆಗೆ

ಹೊಸ ಪ್ರೊಸೆಸರ್ ಮೇಲೆ ಲಿನಕ್ಸ್ ಡೆಸ್ಕ್‌ಟಾಪ್ ತೆರೆದುಕೊಂಡರೆ ಸಾಕು, ಕೆಲಸ ಮುಗಿಯಿತೆಂದು ಸಂಭ್ರಮಿಸುವುದು ರೂಢಿ. ಈಚೆಗೆ ಪರದೆಯ ಮೇಲೊಂದು ಎಐ ಗುಂಡಿಯೂ ಇರಬೇಕು. 2010ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ, ಲೈಸೆನ್ಸ್ ಶುಲ್ಕವಿಲ್ಲದೆ ಯಾರು ಬೇಕಾದರೂ ಬಳಸಬಹುದಾದ ರಿಸ್ಕ್-ಫೈವ್ ವಿನ್ಯಾಸಕ್ಕೆ ಈಗ ಈ ಭರಾಟೆ. ಐಐಟಿ ಮದ್ರಾಸ್‌ನ ‘ಶಕ್ತಿ’, ಸಿ-ಡ್ಯಾಕ್‌ನ ‘ವೇಗ’ ಪ್ರೊಸೆಸರ್‌ಗಳೂ ಇದೇ ಕುಲದವು. ಆದ್ದರಿಂದ ಈ ಕೆಲಸ ನಮಗೆಷ್ಟು ಒದಗುತ್ತದೆ ಎಂದು ನಾವು ಕೇಳಲೇಬೇಕು.

ಕೇಳುವುದಾದರೆ ದೋಣಿಗಲ್‌ನಂಥ ಊರಿನಲ್ಲಿ ನಿಂತು ಕೇಳಬೇಕು. ಸಕಲೇಶಪುರ ದಾಟಿ ಶಿರಾಡಿ ಘಾಟಿಯ ನೆತ್ತಿಗೆ ಬರುವ ಈ ಸೀಮೆಯಲ್ಲಿ ಮುಂಗಾರು ಜೋರಾಯಿತೆಂದರೆ ಮರ ಬಿದ್ದು ಕರೆಂಟ್ ಹೋಗುತ್ತದೆ. ಅದರ ಬೆನ್ನಿಗೇ ನೆಟ್‌ವರ್ಕ್ ಕೂಡ. ಇಲ್ಲಿನ ಶಾಲೆಗೆ, ಸೊಸೈಟಿಗೆ, ತೋಟದ ಲೈನ್ ಮನೆಗೆ ಬರುವ ಕಂಪ್ಯೂಟರ್ ನೆಟ್ ಇಲ್ಲದೆಯೂ ನಡೆಯಬೇಕು, ಕನ್ನಡ ತಿಳಿದಿರಬೇಕು, ಓದಲು ಬಾರದವರಿಗೂ ಒದಗಬೇಕು.

ಈ ಮೂರನ್ನೂ ಮೊದಲೇ ಮನಗಂಡವರು ಬೆಂಗಳೂರಿನವರು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಸಾಫ್ಟ್‌ವೇರ್‌ನವರ ಜೊತೆ ಸೇರಿ ರೂಪಿಸಿದ ಅಂಗೈ ಕಂಪ್ಯೂಟರ್ ‘ಸಿಂಪ್ಯೂಟರ್’ 2001ರಲ್ಲಿ ಜನರ ಮುಂದೆ ಬಂತು. ಮೇಜಿನ ಕಂಪ್ಯೂಟರ್‌ಗಳು ಬಹುತೇಕ ಇಂಟೆಲ್ ಮಾದರಿಯ ಚಿಪ್‌ಗೆ ಅಂಟಿಕೊಂಡಿದ್ದಾಗ, ಇವರು 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಚಿಪ್ ಮೇಲೆ ಲಿನಕ್ಸ್ ಕೂರಿಸಿದರು. ಕೀಬೋರ್ಡ್ ಬದಲು ಕಡ್ಡಿಯಿಂದ ಮುಟ್ಟುವ ಪರದೆ. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳಲು ಸ್ಮಾರ್ಟ್ ಕಾರ್ಡ್. ಎಲ್ಲಕ್ಕಿಂತ ಮುಖ್ಯವಾಗಿ, ಪಠ್ಯವನ್ನು ಭಾರತೀಯ ಭಾಷೆಗಳಲ್ಲಿ ಗಟ್ಟಿಯಾಗಿ ಓದಿ ಹೇಳುವ ‘ಧ್ವನಿ’ ತಂತ್ರಾಂಶ. ಮೊದಲೇ ಮುದ್ರಿಸಿಟ್ಟ ಅಕ್ಷರಧ್ವನಿಗಳ ತುಣುಕುಗಳನ್ನು ಹೆಣೆದು ಮಾತಾಡುತ್ತಿದ್ದ ಅದಕ್ಕೆ ದೂರದ ಸರ್ವರ್ ಬೇಕಿರಲಿಲ್ಲ.

ಯಂತ್ರವಾಗಿ ಸಿಂಪ್ಯೂಟರ್ ಸೋತಿತು. 2004ರಲ್ಲಿ 9,950 ರೂಪಾಯಿಯಿಂದ ಮಾರಾಟಕ್ಕೆ ಬಂದ ‘ಅಮಿಡಾ’ ಮಾದರಿಯೂ ಮಾರುಕಟ್ಟೆ ಹಿಡಿಯಲಿಲ್ಲ. ಸಿಂಪ್ಯೂಟರ್‌ನ ಮಾಹಿತಿ ಪುಟಗಳನ್ನು ಐಎಂಎಲ್ ಎಂಬ ಅದರದೇ ಭಾಷೆಯಲ್ಲಿ ಬರೆಯಬೇಕಿತ್ತು. ಯಂತ್ರ ನಿಂತಾಗ ಆ ಪುಟಗಳೂ ನೆಲೆ ಕಳೆದುಕೊಂಡವು. ಆದರೆ ‘ಧ್ವನಿ’ ಜಿಪಿಎಲ್ ಪರವಾನಗಿಯಡಿ ಮುಕ್ತವಾಗಿತ್ತು. ಬೇರೆ ಕೈಗಳು ಅದನ್ನು ಸಾಮಾನ್ಯ ಲಿನಕ್ಸ್‌ಗೆ ತಂದು ಬೆಳೆಸಿದವು. ಒಂದು ಯಂತ್ರಕ್ಕೆ ಕಟ್ಟುಬಿದ್ದದ್ದು ಯಂತ್ರದೊಡನೆಯೇ ಹೋಯಿತು, ಎಲ್ಲರಿಗೂ ಬಿಟ್ಟುಕೊಟ್ಟದ್ದು ಬದುಕಿತು.

ಈ ಪಾಠವನ್ನು ಚೆನ್ನಾಗಿ ಕಲಿತಿರುವುದು, ಮುಕ್ತ ತಂತ್ರಾಂಶಗಳನ್ನು ಹಲವು ಬಗೆಯ ಚಿಪ್‌ಗಳಿಗೆ ಕಟ್ಟಿಕೊಡುವ ಲಿನಕ್ಸ್ ಬಳಗ ಡೆಬಿಯನ್. 2025ರ ಆಗಸ್ಟ್‌ನಲ್ಲಿ ಬಂದ ಅದರ 13ನೇ ಆವೃತ್ತಿ ರಿಸ್ಕ್-ಫೈವ್ ಅನ್ನು ಅಧಿಕೃತವಾಗಿ ಸೇರಿಸಿಕೊಂಡಿತು. ಕನ್ನಡಕ್ಕೆ ಇದರ ಮಹತ್ವ ಒಂದು ಸಣ್ಣ ಉದಾಹರಣೆಯಲ್ಲಿ ಕಾಣುತ್ತದೆ. ‘ದೋಣಿಗಲ್‌ನಲ್ಲಿ’ ಎಂದು ಬರೆಯಲು ‘ಲ್’ ಆದಮೇಲೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಚಿಹ್ನೆ ಒತ್ತಬೇಕು. ಇಲ್ಲದಿದ್ದರೆ ‘ನ’ ಒತ್ತಕ್ಷರವಾಗಿ ಕೆಳಗಿಳಿಯುತ್ತದೆ. ಇದನ್ನು ನೋಡಿಕೊಳ್ಳುವ ಹಾರ್ಫ್‌ಬಜ್ ತಂತ್ರಾಂಶ ಮುಕ್ತವಾಗಿರುವುದರಿಂದ ಚಿಪ್ ಯಾವುದಾದರೂ ಒತ್ತಕ್ಷರ ಕೆಡುವುದಿಲ್ಲ. ಕನ್ನಡವನ್ನು ಗಟ್ಟಿಯಾಗಿ ಓದಬಲ್ಲ ಇಸ್ಪೀಕ್-ಎನ್‌ಜಿಯೂ ಹೀಗೆಯೇ ಹೊಸ ಚಿಪ್‌ಗೆ ಬರುತ್ತದೆ. ಅದರ ದನಿ ಯಾಂತ್ರಿಕ, ಕಿವಿಗೆ ಒರಟು. ಆದರೂ ಮಳೆಗಾಲದಲ್ಲಿ ನೆಟ್ ಹೋದಾಗ ಅದರ ಬಾಯಿ ಕಟ್ಟುವುದಿಲ್ಲ.

ಎಐ ವಿಷಯದಲ್ಲಿ ಇಷ್ಟು ಮೆಚ್ಚುಗೆ ಸಲ್ಲದು. 2024ರಲ್ಲಿ ಡೀಪಿನ್ ಲಿನಕ್ಸ್‌ನ 23ನೇ ಆವೃತ್ತಿ ತಂದ ಎಐ ಸಹಾಯಕದಂಥವು ಬಹುಮಟ್ಟಿಗೆ ಬೇರೆ ಕಂಪನಿಗಳ ಮಾದರಿಗಳಿಗೆ ನೆಟ್ ಮೂಲಕ ಜೋಡಿಸುವ ಕಿಟಕಿಗಳು. ಯಂತ್ರದೊಳಗೇ ಎಐ ಚುರುಕಾಗಿ ನಡೆಸಲು ಏಕಕಾಲಕ್ಕೆ ಹಲವು ಸಂಖ್ಯೆಗಳನ್ನು ಲೆಕ್ಕಿಸುವ ವೆಕ್ಟರ್ ಸೌಲಭ್ಯ ಬೇಕು; ಹಲವು ಅಗ್ಗದ ರಿಸ್ಕ್-ಫೈವ್ ಬೋರ್ಡ್‌ಗಳಲ್ಲಿ ಅದಿಲ್ಲ. ಅದನ್ನು ಕಡ್ಡಾಯ ಮಾಡುವ ಆರ್‌ವಿಎ23 ಮಟ್ಟವನ್ನು ಉಬುಂಟು ಲಿನಕ್ಸ್ ತನ್ನ 25.10 ಆವೃತ್ತಿಯಿಂದ ಪಟ್ಟಾಗಿ ಹಿಡಿದಿದೆ. ವೇಗದ ದೃಷ್ಟಿಯಿಂದ ಅದು ಸರಿ. ಆದರೆ ಈಗಾಗಲೇ ಬೋರ್ಡ್ ಕೊಂಡ ಹೆಚ್ಚಿನವರು ಉಬುಂಟುವಿನ ಹಳೆಯ ಆವೃತ್ತಿಯಲ್ಲೇ ಉಳಿಯಬೇಕು. ಕಡಿಮೆ ದುಡ್ಡಿರುವವರೇ ಮೊದಲು ಹೊರಗುಳಿಯುವ ಈ ಕ್ರಮವನ್ನು ಒಪ್ಪಲಾಗದು.

ದಾರಿ ಇಲ್ಲದಿಲ್ಲ. ಐಐಟಿ ಮದ್ರಾಸ್‌ನ ಎಐ4ಭಾರತ್ ತನ್ನ ಅನುವಾದ ಮಾದರಿ ಇಂಡಿಕ್‌ಟ್ರಾನ್ಸ್2 ಅನ್ನು ಕನ್ನಡವೂ ಸೇರಿ 22 ಭಾಷೆಗಳಿಗೆ ಮುಕ್ತವಾಗಿ ಕೊಟ್ಟಿದೆ. ಅಂಥದ್ದನ್ನು ಕುಗ್ಗಿಸಿ, ಸಣ್ಣ ಬೋರ್ಡ್‌ನಲ್ಲಿ ನೆಟ್ ಇಲ್ಲದೆ ಓಡಿಸುವ ಕೆಲಸಕ್ಕೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಕೈಹಾಕಲಿ. ಡೆಸ್ಕ್‌ಟಾಪ್‌ನ ಅಂದವನ್ನು ಜಗತ್ತು ನೋಡಿಕೊಳ್ಳುತ್ತದೆ. ಕನ್ನಡವನ್ನು ನಾವೇ ನೋಡಿಕೊಳ್ಳಬೇಕು.