ಆ ಮಳೆಯನ್ನು ಕೆತ್ತಿದ್ದು ಯಾರು?

ಹಿರೋಶಿಗೆಯ ಮಳೆಯ ಚಿತ್ರವನ್ನು ನೀವು ನೋಡಿರ್ತೀರಿ. ಮರದ ಸೇತುವೆ, ತಲೆ ಮುಚ್ಚಿಕೊಂಡು ಓಡುವ ಜನ, ಮೇಲಿಂದ ಓರೆಯಾಗಿ ಸುರಿಯುವ ಕೂದಲೆಳೆಯಂಥ ಗೆರೆಗಳು. 1857ರದ್ದು. ಮೂವತ್ತು ವರ್ಷ ಆದಮೇಲೆ ವ್ಯಾನ್ ಗೋ ಇದನ್ನೇ ಎದುರಿಗಿಟ್ಟುಕೊಂಡು ಎಣ್ಣೆಬಣ್ಣದಲ್ಲಿ ನಕಲು ಮಾಡಿದ. ಇದರ ಬಗ್ಗೆ ಬರೆಯೋರು ಸಾಮಾನ್ಯವಾಗಿ ಹೊಗಳೋದು ‘ಹಿರೋಶಿಗೆಯ ರೇಖೆ’ಯನ್ನು. ಒಂದು ವರ್ಷದಿಂದ ಕೆಲಸ ಮುಗಿಸಿ ಬಂದು, ರಾತ್ರಿ ಕೂತು ಜಪಾನಿ ಪದ್ಧತಿಯಲ್ಲಿ ಮರದಚ್ಚು ಮಾಡ್ತಿದ್ದೀನಿ. ಈಗ ಆ ಹೊಗಳಿಕೆ ಓದಿದ್ರೆ ಸ್ವಲ್ಪ ಸಿಟ್ಟೇ ಬರುತ್ತೆ.

ಯಾಕಂದ್ರೆ ಆ ಮಳೆ ಎಳೆದದ್ದಲ್ಲ, ಉಳಿಸಿದ್ದು. ಕಾಗದದ ಮೇಲೆ ಕಾಣುವ ಒಂದೊಂದು ಗೆರೆಯೂ ಹಲಗೆಯ ಮೇಲೆ ಎದ್ದು ನಿಂತ ಒಂದು ದಿಣ್ಣೆ. ಅದರ ಈ ಬದಿಗೆ ಚಾಕು, ಆ ಬದಿಗೆ ಚಾಕು, ಆಮೇಲೆ ಸುತ್ತಲಿನ ಮರವನ್ನೆಲ್ಲ ಉಳಿಯಿಂದ ತೆಗೀಬೇಕು. ನನ್ನ ಆರು ಅಚ್ಚುಗಳಲ್ಲಿ ಒಂದರಲ್ಲಿ ಬರೀ ಮೂರು ವಿದ್ಯುತ್ ತಂತಿಗಳಿವೆ. ಅವಕ್ಕೆ ನಾಲ್ಕು ರಾತ್ರಿ ಹಿಡೀತು. ಇನ್ನು ಇಡೀ ಮಳೆ!

ಕಲಾವಿದ ತೆಳು ಕಾಗದದಲ್ಲಿ ಬರೆದ ಚಿತ್ರವನ್ನು ಮಗುಚಿ ಹಲಗೆಗೆ ಅಂಟಿಸಿ, ಅದರ ಮೇಲೇ ಕೆತ್ತುತ್ತಿದ್ದರು. ಕೆತ್ತನೆ ಮುಗಿಯೋ ಹೊತ್ತಿಗೆ ಆ ಚಿತ್ರವೇ ಇರ್ತಿರಲಿಲ್ಲ. ನಾವು ‘ಮೂಲ’ ಅಂತ ಕೈಮುಗಿಯೋ ವಸ್ತು ಮರದ ಸಿಪ್ಪೆಯ ಜೊತೆ ಕಸಕ್ಕೆ ಹೋಗಿರ್ತಿತ್ತು. ನಮ್ಮ ಕಣ್ಣಿಗೆ ಬೀಳುವ ಗೆರೆ ಕೆತ್ತಿದವರ ಕೈಯದು.

ಮೇಲೆ ಕವಿದ ಕಪ್ಪು ಮೋಡದ ಕಥೆ ಇನ್ನೂ ಸೊಗಸು. ಹಲಗೆಯಲ್ಲಿ ಅದಕ್ಕೆ ಆಕಾರವೇ ಇಲ್ಲ. ಮುದ್ರಕ ಒದ್ದೆ ಹಲಗೆಯ ಮೇಲೆ ಬಣ್ಣವನ್ನು ಬ್ರಷ್ಷಿನಿಂದ ತೀಡಿ, ಕಡುವಿನಿಂದ ತಿಳಿಗೆ ಇಳಿಸ್ತಾನೆ. ಇದಕ್ಕೆ ಬೊಕಾಶಿ ಅಂತಾರೆ. ತೇವ ಮಾಡಿದ ಕಾಗದವನ್ನು ಅದರ ಮೇಲಿಟ್ಟು, ಬಿದಿರಿನ ಪೊರೆ ಸುತ್ತಿದ ಬರೆನ್‌ನಿಂದ ಉಜ್ಜೋದು. ಮುಂದಿನ ಹಾಳೆಗೆ ಮತ್ತೆ ಮೊದಲಿಂದ. ನಾನು ಇಪ್ಪತ್ತು ಹಾಳೆ ಹಾಕಿದ್ರೆ ಇಪ್ಪತ್ತು ಬಗೆಯ ಸಂಜೆ ಬರುತ್ತೆ. ಬಣ್ಣಕ್ಕೆ ಬೆರೆಸೋ ಅಕ್ಕಿ ಅಂಟು ಒಂದು ಚೂರು ಹೆಚ್ಚಾದ್ರೂ ಸಂಜೆಯ ಗುಣ ಬೇರೆ.

ಈ ಕೆಲಸಹಂಚಿಕೆ ಜಪಾನಿನಲ್ಲೇ ಕೆಲವರಿಗೆ ಇಷ್ಟವಾಗಲಿಲ್ಲ. 1904ರಲ್ಲಿ ಯಾಮಾಮೊತೊ ಕನಾಎ ಒಬ್ಬ ಮೀನುಗಾರನ ಚಿತ್ರವನ್ನು ತಾನೇ ಬರೆದು, ತಾನೇ ಕೆತ್ತಿ, ತಾನೇ ಅಚ್ಚು ಹಾಕಿದ. ಹಾಗೆ ಮಾಡಿದ್ದೇ ಸೃಷ್ಟಿ ಅನ್ನೋ ಪಂಥ ಅಲ್ಲಿಂದ ಬೆಳೀತು. ಅದರ ಫಲ ಸಣ್ಣದಲ್ಲ. 1956ರಲ್ಲಿ ವೆನಿಸ್‌ನಲ್ಲಿ ದೊಡ್ಡ ಬಹುಮಾನ ಪಡೆದ ಮುನಾಕಾತ ಶಿಕೋನ ಒರಟು ಕಪ್ಪು ಗೆರೆಗಳನ್ನು ಬೇರೆಯವರಿಂದ ಕೆತ್ತಿಸೋದು ಊಹೆಗೂ ನಿಲುಕಲ್ಲ. ಮೂರೂ ಕೆಲಸ ಒಬ್ಬರೇ ಮಾಡುವ ನಾನು ಈ ಪಂಥದ ಪರ ಇರಬೇಕಿತ್ತು. ಇಲ್ಲ. ಬೇರೆಯವರ ಚಿತ್ರ ಕೆತ್ತುವವರು ಬರೀ ಕೂಲಿಯವರು ಅನ್ನೋ ಧ್ವನಿ ಆ ವಾದದೊಳಗಿದೆ. ಅದನ್ನು ನಾನು ಒಪ್ಪಲ್ಲ.

ಕವಾಸೆ ಹಸುಯಿಯ 1925ರ ‘ಶಿಬಾದ ಝೋಜೋಜಿ’ ನೋಡಿ. ಕೆಂಪು ದ್ವಾರ, ಬೀಸುವ ಹಿಮ, ಛತ್ರಿ ಹಿಡಿದ ಹೆಂಗಸು. ಪ್ರಕಾಶಕ ವತಾನಬೆ ಶೋಝಬುರೊ ಹಳೆಯ ಪದ್ಧತಿಯಲ್ಲೇ ನುರಿತ ಕೈಗಳಿಗೆ ಕೆಲಸ ಹಂಚಿ ಮಾಡಿಸಿದ್ದು. ಆ ಹಿಮದ ಬಹುಪಾಲು ಬಣ್ಣವಲ್ಲ, ಅಚ್ಚು ತಾಗದ ಹಾಗೆ ಬಿಟ್ಟ ಕಾಗದ. ಹಾಗೆ ಬಿಡೋದನ್ನು ಕಲಿಯೋಕೆ ಒಬ್ಬರ ಆಯಸ್ಸು ಬೇಕು. ಅಂಥ ಮೂರು ಆಯಸ್ಸು ಒಂದು ಹಾಳೆಯ ಮೇಲೆ ಸೇರಿವೆ. ಗೋಡೆಯ ಚೀಟಿಯಲ್ಲಿ ಮಾತ್ರ ಸಾಮಾನ್ಯವಾಗಿ ಒಂದೇ ಹೆಸರು. (ಟೀಮ್ ಮಾಡಿದ ಸ್ಲೈಡಿಗೆ ಮ್ಯಾನೇಜರ್ ಹೆಸರು ಬಿದ್ದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.)

ಏಳನೇ ಅಚ್ಚು ಶುರು ಮಾಡಿದ್ದೀನಿ. ಚಿತ್ರ ಗೆಳತಿಯದು, ಮಳೆಯದೇ. ಕೆತ್ತೋದು ನಾನು. ಹೆಸರುಗಳಿಗೆ ಅಂತ ಅಂಚಿನಲ್ಲಿ ಎರಡು ಚೌಕ ಈಗಾಗಲೇ ಗುರುತು ಹಾಕಿದೆ. ಅಚ್ಚು ಹಾಕೋರು ಸಿಕ್ಕಿದ್ರೆ ಮೂರನೆಯದಕ್ಕೂ ಜಾಗ ಇದೆ.