ಗುಬ್ಬಿಯ ಮಟ್ಟೂ ಕಾರಂತರ ರಂಗಸಂಗೀತವೂ

ಬಿ. ವಿ. ಕಾರಂತರ ರಂಗಸಂಗೀತವು ಕಂಪನಿ ನಾಟಕದ ಸಂಗೀತಕ್ಕೆ ಪ್ರತಿಯಾಗಿ ಹುಟ್ಟಿದುದೆಂದು ವಿಮರ್ಶಕರು ಹೇಳುವುದುಂಟು. ಇದು ಅರ್ಧ ಸತ್ಯ. ಮಿಕ್ಕ ಅರ್ಧವನ್ನು ಗುಬ್ಬಿಯಲ್ಲಿಯೇ ಅರಸಬೇಕು.

1884ರಲ್ಲಿ ಗುಬ್ಬಿಯಲ್ಲಿ ಮೊದಲಾಗಿ, ವೀರಣ್ಣನವರ ಕಾಲದಲ್ಲಿ ನಾಡೆಲ್ಲ ಹೆಸರಾದ ಶ್ರೀ ಚನ್ನಬಸವೇಶ್ವರ ನಾಟಕ ಸಂಘದ ಸಂಗೀತವು ಶುದ್ಧ ಶಾಸ್ತ್ರೀಯವಾದುದಲ್ಲ. ಕರ್ನಾಟಕ ರಾಗಗಳ ಪಕ್ಕದಲ್ಲಿ ಪಾರ್ಸಿ ಕಂಪನಿಗಳ ಧಾಟಿಯೂ ಮರಾಠಿ ನಾಟ್ಯಗೀತೆಯ ಮಟ್ಟೂ ಹಾರ್ಮೋನಿಯಮ್ಮಿನ ಆಶ್ರಯದಲ್ಲಿ ಬಾಳಿದುವು. ಪಂಡಿತರು ಮೂಗು ಮುರಿದರು. ಜನರು 'ಒನ್ಸ್ ಮೋರ್' ಎಂದು ಕೂಗಿದರು. 1929ರಲ್ಲಿ ದಕ್ಷಿಣ ಕನ್ನಡದ ಮಂಚಿಯಲ್ಲಿ ಹುಟ್ಟಿ, ಯಕ್ಷಗಾನದ ನಾಡಿನಲ್ಲಿ ಬೆಳೆದ ಕಾರಂತರು ಬಾಲ್ಯದಲ್ಲಿಯೇ ಮನೆ ಬಿಟ್ಟು ಬಂದು ಸೇರಿದುದು ಈ ಕಂಪನಿಯನ್ನು. ವೀರಣ್ಣನವರೇ ಅವರನ್ನು ಕಾಶಿಗೆ ಓದಲು ಕಳುಹಿಸಿದರು. ಅಲ್ಲಿ ಹಿಂದಿ ಎಂ.ಎ. ವ್ಯಾಸಂಗದೊಡನೆ ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದುಸ್ತಾನಿ ಸಂಗೀತದ ಶಿಕ್ಷಣವೂ ಆಯಿತು. ಕೈಕೆಳಗಿನ ಹುಡುಗನೊಬ್ಬನನ್ನು ಹೀಗೆ ಬಿಟ್ಟುಕೊಟ್ಟ ಮಾಲೀಕರು ಎಷ್ಟು ಮಂದಿ!

ಬೇಕಾದುದನ್ನು ಎಲ್ಲಿಂದಲಾದರೂ ತರುವ ಕಂಪನಿಯ ಧೈರ್ಯವನ್ನು ಕಾರಂತರು ಕೊನೆಯವರೆಗೂ ಬಿಡಲಿಲ್ಲ. ಕಂಬಾರರ 'ಜೋಕುಮಾರಸ್ವಾಮಿ'ಯಲ್ಲಿ ಉತ್ತರ ಕರ್ನಾಟಕದ ಜನಪದ ಧಾಟಿ ಮೊಳಗಿತು. ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್' 1979ರಲ್ಲಿ ದಿಲ್ಲಿಯಲ್ಲಿ 'ಬರ್ನಮ್ ವನ'ವೆಂಬ ಹಿಂದಿ ನಾಟಕವಾಗಿ ಯಕ್ಷಗಾನದ ಹೆಜ್ಜೆ ಹಾಕಿತು. ವಾದ್ಯವೆಂದು ಯಾರೂ ಎಣಿಸದ ವಸ್ತುಗಳಿಂದಲೂ ಅವರು ನಾದವನ್ನು ಹೊರಡಿಸಿದರು.

ಅವರು ಬಿಟ್ಟುದು ಬೇರೊಂದನ್ನು. ಕಂಪನಿಯಲ್ಲಿ ಹಾಡು ನಟನ ಸೊತ್ತು. ಆತನು ಆಲಾಪನೆ ಮುಗಿಸುವವರೆಗೆ ಕಥೆಯು ಕೈಕಟ್ಟಿ ನಿಲ್ಲಬೇಕು. ಕಾರಂತರು ಹಾಡನ್ನು ನಟನಿಂದ ಬಿಡಿಸಿ ಮೇಳಕ್ಕೆ ಒಪ್ಪಿಸಿದರು. ಇದರ ಫಲವನ್ನು ಶ್ರೀರಂಗರ 'ಸತ್ತವರ ನೆರಳು' ನಾಟಕದಲ್ಲಿ ನೋಡಬೇಕು. ಮಠದ ಪೀಠಕ್ಕಾಗಿ ನಡೆಯುವ ಒಳಸಂಚನ್ನು ಹೇಳುವ ಈ ಮಾತಿನ ನಾಟಕಕ್ಕೆ ಅವರು ಪುರಂದರದಾಸರ ಪದಗಳನ್ನು ತಂದರು. ಇತ್ತ ಅಧಿಕಾರದ ಆಸೆ, ಅತ್ತ ವೈರಾಗ್ಯದ ಪದ. ಒಂದರ ಮಗ್ಗುಲಲ್ಲಿ ಇನ್ನೊಂದು ನಿಂತೊಡನೆ ಭಕ್ತಿಗೀತವೇ ವ್ಯಂಗ್ಯದ ಅಲಗಾಯಿತು. ನಾಟಕಕಾರನು ಬರೆಯದ ಮಾತನ್ನು ಸಂಗೀತವು ಆಡಿದುದು ಕನ್ನಡ ರಂಗಭೂಮಿಯಲ್ಲಿ ಅಪರೂಪದ ಸಿದ್ಧಿ.

ದೋಷವಿಲ್ಲವೆಂದಲ್ಲ. ಮೇಳದ ಉತ್ಸಾಹವು ಕೆಲವೆಡೆ ಮಾತನ್ನು ನುಂಗುವುದು. ಅನುಕರಿಸಿದವರ ಕೈಯಲ್ಲಂತೂ ನಾಟಕವು ಹಾಡುಗಳ ನಡುವಣ ಬಿಡುವಾಗಿ ಉಳಿಯಿತು. 2002ರಲ್ಲಿ ಕಾರಂತರು ತೀರಿಕೊಂಡರು. ಈಗ ಅವರ ಮಟ್ಟುಗಳನ್ನು ರಂಗಗೀತೆಗಳೆಂದು ನಾಟಕದಿಂದ ಕಿತ್ತು ಸಭೆಗಳಲ್ಲಿ ಹಾಡುವುದು ವಾಡಿಕೆ. ಕೇಳಲು ಇಂಪಾಗಿಯೇ ಇರುವುದು, ಕೇಳುವವರು ತಲೆದೂಗುವರು. ಆದರೆ ಒಳಸಂಚಿನ ಮಠವು ಎದುರಿಗಿಲ್ಲದಿರುವಾಗ ದಾಸರ ಪದವು ಮತ್ತೆ ಬರಿಯ ದಾಸರ ಪದವೇ. ಕಾರಂತರು ಅದಕ್ಕೆ ಸೇರಿಸಿದುದು ಆ ಸಭೆಗೆ ಬರುವುದೇ ಇಲ್ಲ.